ಕೆಂಪು ಕಲ್ಲಿನ ಗೋಡೆಯೊಳಗೊಂದು ದಾರಿ

ಬೀದರ್ ಹತ್ತಿರದ ಅಷ್ಟೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಮೊಬೈಲ್ ಹಿಡಿದು ಅಳೆದರೆ ಇಂಟರ್‌ನೆಟ್ ವೇಗ 100 ಎಂಬಿಪಿಎಸ್. ಅಲ್ಲಿಂದ ಎದ್ದು, ನಡುಮನೆ ದಾಟಿ, ಆಯಿಯ ಕೋಣೆಯಲ್ಲಿ ಅಳೆದರೆ 4. ನಡುವೆ ಇರುವುದು ಎರಡೇ ಗೋಡೆ. "ನಿಮ್ಮ ಟಿವ್ಯಾಗ ಛಂದ ಬರ್ತದ, ನನ್ನ ಕೋಣ್ಯಾಗ ಯಾಕೋ ತಮ್ಮಾ ನಿಂತು ನಿಂತು ಬರ್ತದ?" ಎಂದು ಆಯಿ ದಿನಾ ಕೇಳುತ್ತಿದ್ದಳು. ಸಂಪರ್ಕ ಕೊಟ್ಟವರನ್ನು ವಿಚಾರಿಸಿದರೆ ಪ್ಲಾನ್ ಏರಿಸಿಕೊಳ್ಳಿ ಎಂದರು. ಏರಿಸಿದೆವು. ಪಡಸಾಲೆಯಲ್ಲಿ 200 ಆಯಿತು, ತಿಂಗಳ ಬಿಲ್ಲೂ ಏರಿತು. ಆಯಿಯ ಕೋಣೆಯ 4 ಮಾತ್ರ 4ರಲ್ಲೇ ಉಳಿಯಿತು.

ಊರಿಂದ ಮನೆ ಬಾಗಿಲಿಗೆ ಬರುವ ದಾರಿ ಬೇರೆ, ಬಾಗಿಲಿಂದ ಕೋಣೆಕೋಣೆಗೆ ಹೋಗುವ ದಾರಿ ಬೇರೆ ಎಂಬುದು ನನಗೆ ಆಗಲೇ ಹೊಳೆದದ್ದು. ಮೊದಲನೆಯದಕ್ಕೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತೇವೆ. ಎರಡನೆಯದನ್ನು ಒಮ್ಮೆ ನಾವೇ ಹಾಕಿಕೊಂಡರೆ ಇಪ್ಪತ್ತು ವರ್ಷ ಬಾಳುತ್ತದೆ. ಹಳೆಯ ಮನೆಗಳಲ್ಲಿ ಕೆಟ್ಟಿರುವುದು ಹೆಚ್ಚಾಗಿ ಈ ಎರಡನೆಯದೇ.

ನಮ್ಮ ಭಾಗದ ಹಳೆಯ ಮನೆಗಳ ಗೋಡೆ ಕೆಂಪು ಕಲ್ಲಿನದು. ಪುಸ್ತಕದಲ್ಲಿ ಜಂಬಿಟ್ಟಿಗೆ ಎನ್ನುತ್ತಾರೆ. ಬೀದರಿನ ಗುಡ್ಡದ ಮೇಲ್ಭಾಗವೆಲ್ಲ ಆ ಕಲ್ಲೇ. ನೆಲದಿಂದ ತೆಗೆಯುವಾಗ ಮೆತ್ತಗಿದ್ದು, ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ. ಒಳಗೆ ಕಬ್ಬಿಣದ ಅಂಶ, ಮೈತುಂಬ ಜೇನುಗೂಡಿನಂಥ ತೂತು, ಆ ತೂತಿನಲ್ಲಿ ಮಳೆಗಾಲದ ತೇವ. ಅದನ್ನು ಮಣ್ಣು ಗಾರೆಯಲ್ಲಿ ಕೂಡಿಸಿ ಎರಡು ಮೊಳ ದಪ್ಪದ ಗೋಡೆ ಎತ್ತಿದ್ದಾರೆ. ಬೇಸಿಗೆಯಲ್ಲಿ ಒಳಗೆ ತಂಪು ಇಡುವ ಆ ದಪ್ಪವೇ ವೈಫೈ ಅಲೆಗೆ ಅಡ್ಡ ನಿಲ್ಲುತ್ತದೆ. ರೌಟರ್ ಎರಡು ಬಗೆಯ ಅಲೆ ಬಿಡುತ್ತದೆ. 2.4 ಗಿಗಾಹರ್ಟ್ಜ್ ಅಲೆ ಗೋಡೆಯನ್ನು ಒಂದಿಷ್ಟು ತೂರುತ್ತದೆ, ಆದರೆ ಹೊರುವ ಭಾರ ಕಡಿಮೆ. 5 ಗಿಗಾಹರ್ಟ್ಜ್ ಅಲೆ ಹೆಚ್ಚು ಹೊರುತ್ತದೆ, ಗೋಡೆ ಕಂಡಲ್ಲಿ ಸೋಲುತ್ತದೆ. ನಡುವೆ ರಿಪೀಟರ್ ಇಟ್ಟು ನೋಡಿದೆವು. ಸಾದಾ ರಿಪೀಟರ್ ಒಂದೇ ಚಾನೆಲ್ಲಿನಲ್ಲಿ ಕೇಳಿಸಿಕೊಳ್ಳಬೇಕು, ಅದರಲ್ಲೇ ಮತ್ತೆ ಹೇಳಬೇಕು. ಅರ್ಧ ಹೊತ್ತು ಅದಕ್ಕೇ ಹೋಗುತ್ತದೆ. ಅದೂ ಅಲ್ಲದೆ ಅದರ ಕಿವಿಗೆ ಬೀಳುವುದೇ ಗೋಡೆ ದಾಟಿ ಸೊರಗಿದ ಅಲೆ.

ನನಗೆ ದಾರಿ ತೋರಿದ್ದು ನೌಬಾದಿನ ಕರೇಜ್. ಬಹಮನಿಗಳ ಕಾಲದಲ್ಲಿ, 15ನೆಯ ಶತಮಾನದಲ್ಲಿ, ಇದೇ ಕೆಂಪು ಕಲ್ಲನ್ನು ಕೊರೆದು ಮಾಡಿದ ಸುರಂಗ ಕಾಲುವೆ ಅದು. ಉದ್ದ ಸುಮಾರು 3 ಕಿಲೋಮೀಟರ್, ಮೇಲಿಂದ ಇಳಿದ 21 ಗಾಳಿಬಾವಿ. ನೀರು ಕಲ್ಲಿನೊಳಗಿನ ಸುರಂಗದಲ್ಲಿ ಹರಿಯುತ್ತಿತ್ತು, ಜನ ತಮಗೆ ಹತ್ತಿರದ ಬಾವಿಗೆ ಕೊಡ ಹಿಡಿದು ಹೋಗುತ್ತಿದ್ದರು. ಮನೆಯ ಜಾಲವೂ ಹೀಗೇ ಇರಬೇಕು. ಗೋಡೆ ದಾಟುವ ಕೆಲಸ ತಂತಿಯದು; ಆಯಾ ಕೋಣೆಯಲ್ಲಿ ತಂತಿಯ ತುದಿಯಿಂದ ಕೈಯೊಳಗಿನ ಫೋನಿನವರೆಗೆ, ಹತ್ತು ಹೆಜ್ಜೆಯಷ್ಟು, ವೈಫೈ.

ತಂತಿ ಕೊಳ್ಳುವ ಮೊದಲು ಎಷ್ಟು ಹರಿಯಬೇಕು ಎಂಬ ಲೆಕ್ಕ ಬೇಕು. ಸಿಡಿಯ ಹಾಡಿಗೆ ಸೆಕೆಂಡಿಗೆ 1.4 ಮೆಗಾಬಿಟ್ ಸಾಕು. ಮದುವೆಯ ಡಿವಿಡಿಗೆ ಹೆಚ್ಚೆಂದರೆ 10. ಇಂಟರ್‌ನೆಟ್ಟಿನಿಂದ ಬರುವ 4ಕೆ ಸಿನಿಮಾಕ್ಕೆ 15ರಿಂದ 25. ಮನೆಯವರೇ ಫೋನಿನಲ್ಲಿ ತೆಗೆದ 4ಕೆ ವಿಡಿಯೊ ಹಾಗೇ ನೋಡಲು 40–50 ಬೇಕಾಗುತ್ತದೆ. 4ಕೆ ಬ್ಲೂರೇ ತಟ್ಟೆಯ ಪೂರ್ತಿ ನಕಲಾದರೆ ಕೆಲವು ಗಳಿಗೆಗೆ 100 ದಾಟುವುದೂ ಉಂಟು. ಮೂರು ಕೋಣೆಯಲ್ಲಿ ಮೂರು ಬೇರೆ ಬೇರೆ ಚಿತ್ರ ಓಡಿದರೂ ಒಟ್ಟು 200 ಮೀರುವುದು ಅಪರೂಪ. ಸರಿಯಾಗಿ ಕಟ್ಟಿದ ಒಂದು ತಾಮ್ರದ ಲ್ಯಾನ್ ವೈರು 1000 ಹೊರುತ್ತದೆ. ಮನೆಯಲ್ಲಿ ಕೂಡಿಟ್ಟ ಹಾಡು, ವಿಡಿಯೊ ನೋಡುವಾಗ ಹೊರಗಿನ ಇಂಟರ್‌ನೆಟ್ಟಿನ ಹಂಗೇ ಇಲ್ಲ. ಬೀದಿಯಲ್ಲಿ ಫೈಬರ್ ಕಡಿದುಹೋಗಿದ್ದರೂ ಮನೆಯೊಳಗಿನದು ಓಡುತ್ತಲೇ ಇರುತ್ತದೆ.

ತಂತಿಗಳೆಲ್ಲ ಒಂದೇ ಜಾಗದಿಂದ ಹೊರಡಬೇಕು. ಒಂದು ಕೋಣೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಎಂದು ಸರಪಳಿ ಹಾಕಬೇಡಿ. ನಡುವಿನದೊಂದು ಕೈಕೊಟ್ಟರೆ ಮುಂದಿನವೆಲ್ಲ ನಿಲ್ಲುತ್ತವೆ. ಹೊರಡುವ ಜಾಗದಲ್ಲಿ ಇರುವುದು ಸ್ವಿಚ್. ಗೋಡೆಯ ದೀಪದ ಸ್ವಿಚ್ ಅಲ್ಲ. ಐದೋ ಎಂಟೋ ಕಿಂಡಿಯ ಸಣ್ಣ ಪೆಟ್ಟಿಗೆ. ಹಿಂದೆ ಕೇಬಲ್ ಟಿವಿಯ ದಪ್ಪ ವೈರಿಗೆ ಸ್ಪ್ಲಿಟರ್ ಹಾಕಿ ಎರಡು ಟಿವಿಗೆ ಹಂಚುತ್ತಿದ್ದದ್ದು ನೆನಪಿರಬಹುದು. ಹಂಚಿದಷ್ಟೂ ಬಲ ಕುಂದಿ ಪರದೆಯ ಮೇಲೆ ಚುಕ್ಕೆ ಕುಣಿಯುತ್ತಿದ್ದವು. ಸ್ವಿಚ್ ಹಾಗೆ ಹಂಚುವುದಿಲ್ಲ. ಬಂದ ಪ್ರತಿ ತುಣುಕನ್ನೂ ಓದಿ, ಅದು ಯಾರಿಗೆ ಎಂದು ನೋಡಿ, ಆ ಕಿಂಡಿಯಿಂದ ಮಾತ್ರ ಹೊಸ ಬಲದಲ್ಲಿ ಕಳಿಸುತ್ತದೆ. ಯಾವ ಕಿಂಡಿಯಾಚೆ ಯಾವ ಯಂತ್ರವಿದೆ ಎಂಬುದನ್ನು ತಾನೇ ಕಲಿತು ನೆನಪಿಡುತ್ತದೆ. ಹೀಗಾಗಿ ಆಯಿಯ ಕೋಣೆಗೆ ಹೋಗುವ ಪ್ರವಚನ ಮಾಳಿಗೆಯ ಕೋಣೆಯ ಕ್ರಿಕೆಟ್ಟಿಗೆ ಅಡ್ಡ ಬರುವುದಿಲ್ಲ. ಕೊಳ್ಳುವಾಗ ಗಿಗಾಬಿಟ್ ಎಂದು ಬರೆದದ್ದನ್ನೇ ಕೊಳ್ಳಿ. ಅದರಂತೆಯೇ ಕಾಣುವ, ಬೆಲೆ ಕಡಿಮೆ ಇರುವ ಇನ್ನೊಂದು 100ಕ್ಕೇ ನಿಲ್ಲುತ್ತದೆ.

ವೈರು ಕ್ಯಾಟ್-6 ತನ್ನಿ. ಕ್ಯಾಟ್-5ಇ ಆದರೂ 100 ಮೀಟರ್‌ವರೆಗೆ 1000 ಎಂಬಿಪಿಎಸ್‌ಗೆ ಸಾಲುತ್ತದೆ. ಮುಖ್ಯವಾದದ್ದು ಒಳಗಿನ ಲೋಹ. ಅಲ್ಯೂಮಿನಿಯಂ ಎಳೆಗೆ ತಾಮ್ರ ಬಳಿದ ವೈರು ಎಲ್ಲ ಊರಿನ ಅಂಗಡಿಯಲ್ಲೂ ಸಿಗುತ್ತದೆ, ಸೋವಿಯಾಗಿ. ಅಂಗಡಿಯಲ್ಲೇ ಗೇಣುದ್ದ ತುಂಡು ಕೇಳಿ, ಸಿಪ್ಪೆ ಸುಲಿದು, ಒಂದು ಎಳೆಯನ್ನು ಚಾಕುವಿನಿಂದ ಕೆರೆಯಿರಿ. ಕೆರೆದಷ್ಟೂ ಕೆಂಪಗೇ ಕಂಡರೆ ತಾಮ್ರ. ಒಳಗೆ ಬೆಳ್ಳಗೆ ಮಿನುಗಿದರೆ ಬಿಟ್ಟುಬಿಡಿ. ನಾಲ್ಕು ಸಲ ಆಚೀಚೆ ಬಗ್ಗಿಸಿದರೆ ಪಟ್ಟನೆ ಮುರಿಯುವುದೂ ಅದೇ. ಗೋಡೆಯೊಳಗೆ ಹೋದ ಮೇಲೆ ಮುರಿದರೆ ಹುಡುಕುವುದು ಹೇಗೆ?

ಗೋಡೆ ಕೊರೆದ ದಿನವನ್ನು ಮರೆಯಲಾರೆ. ಮಿಸ್ತ್ರಿ ಕಾಕಾ ಮಾರುದ್ದದ ಡ್ರಿಲ್ ಬಿಟ್ ತಂದಿದ್ದರು. ಕಲ್ಲಿನ ಗಟ್ಟಿ ಭಾಗದಲ್ಲಿ ಯಂತ್ರ ಒರಲುತ್ತಾ ನಿಲ್ಲುತ್ತದೆ. ಒಮ್ಮೆಲೇ ಒಳಗಿನ ಪೊಳ್ಳು ಸಿಕ್ಕು ಗಪ್ಪನೆ ನಾಲ್ಕು ಬೆರಳು ಇಳಿಯುತ್ತದೆ. ಆಗಲೇ ಬಿಟ್ ಓರೆಯಾಗುವುದು. ಕುಂಕುಮದಂಥ ಪುಡಿ ಉದುರಿ ನೆಲವೆಲ್ಲ ಕೆಂಪಾಯಿತು. "ಜೋರ್ ಮಾಡಬ್ಯಾಡ್ರಿ, ಕಲ್ಲೇ ದಾರಿ ಕೊಡ್ತದ" ಎನ್ನುತ್ತಾ ಕಾಕಾ ನಿಧಾನಕ್ಕೆ ಒತ್ತಿದರು. ನಡುವಿನ ಮಣ್ಣುಗಾರೆ ಕುಸಿದು ತೂತು ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಬಿಟ್ ಹೊರಗೆ ತೆಗೆದ ಕೂಡಲೇ ಪಿವಿಸಿ ಪೈಪು ನುಗ್ಗಿಸಿದ್ದರಿಂದ ನಿಂತಿತು. ವೈರನ್ನು ಬರಿಗಲ್ಲಿನಲ್ಲಿ ಎಳೆಯಬೇಡಿ, ಸಿಪ್ಪೆ ಹರಿಯುತ್ತದೆ. ಪೈಪು ಅರ್ಧದಷ್ಟು ಖಾಲಿ ಇರುವ ಅಳತೆಯದಿರಲಿ. ಹೊರಗೋಡೆಯಾದರೆ ತೂತು ಹೊರಕ್ಕೆ ತುಸು ಇಳಿಜಾರಾಗಿರಲಿ, ಮಳೆನೀರು ಒಳಗೆ ಬರದಂತೆ. ಎರಡನೆಯ ಗೋಡೆಗೆ ಕೊರೆಯುವುದೇ ಬೇಕಾಗಲಿಲ್ಲ. ತೊಲೆಯ ಕೆಳಗೆ ಹಿಂದಿನವರು ಬಿಟ್ಟ ಬೆಳಕಿಂಡಿ ಇತ್ತು. ಹಳೆಯ ಮನೆಯಲ್ಲಿ ಡ್ರಿಲ್ ಹಿಡಿಯುವ ಮೊದಲು ಇಂಥ ಕಿಂಡಿ, ಹಳೆಯ ಡಿಶ್ ವೈರಿನ ತೂತು, ಮಾಳಿಗೆಗೆ ಹೋಗುವ ಸಂದು ಎಲ್ಲ ಒಮ್ಮೆ ನೋಡಿಬಿಡಿ.

ಕರೆಂಟಿನ ವೈರಿರುವ ಪೈಪಿನಲ್ಲಿ ಲ್ಯಾನ್ ವೈರು ಹೋಗಬಾರದು. ಇದು ಮೊದಲು ಜೀವದ ಪ್ರಶ್ನೆ, ಆಮೇಲೆ ಚಿತ್ರದ ಪ್ರಶ್ನೆ. ಎರಡೂ ಒಟ್ಟಿಗೆ ಸಾಗಬೇಕಾದಲ್ಲಿ ನಡುವೆ ಒಂದಡಿ ಅಂತರ ಬಿಡಿ, ದಾಟಲೇಬೇಕಾದಲ್ಲಿ ಅಡ್ಡಡ್ಡ ದಾಟಿಸಿ.

ಇನ್ನು ತುದಿ ಕಟ್ಟುವ ಕೆಲಸ. ಇಡೀ ಜಾಲದಲ್ಲಿ ನನ್ನ ಮನಸ್ಸು ಹಿಡಿದದ್ದು ಇದು. ವೈರಿನ ಸಿಪ್ಪೆ ಸುಲಿದರೆ ಎಂಟು ಎಳೆ, ಎರಡೆರಡರಂತೆ ಹೊಸೆದ ನಾಲ್ಕು ಜೋಡಿ. ಯಾಕೆ ಹೊಸೆದಿದ್ದಾರೆ? ಜೋಡಿಯ ಎರಡು ಎಳೆಗಳಲ್ಲಿ ಒಂದೇ ಸಂಕೇತ ತಿರುವುಮುರುವಾಗಿ ಹರಿಯುತ್ತದೆ. ಹೊರಗಿನ ಗದ್ದಲ, ಅಂದರೆ ಫ್ಯಾನಿನದೋ ಮೋಟರಿನದೋ, ಹೊಸೆದ ಎರಡಕ್ಕೂ ಸಮನಾಗಿ ತಾಗುತ್ತದೆ. ಆ ತುದಿಯ ಯಂತ್ರ ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ಸಮನಾದ ಗದ್ದಲ ಕಳೆದುಹೋಗುತ್ತದೆ, ಸಂಕೇತ ಉಳಿಯುತ್ತದೆ. ಟೆಲಿಫೋನಿಗಾಗಿ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ನಾಲ್ಕು ಜೋಡಿಯ ಹೊಸೆತದ ಬಿಗಿ ಬೇರೆ ಬೇರೆ ಇರುವುದನ್ನೂ ಗಮನಿಸಿ. ಒಂದರ ಮಾತು ಇನ್ನೊಂದಕ್ಕೆ ಕೇಳಿಸದಿರಲಿ ಎಂದು ಹಾಗೆ.

ಒಂದಂಗುಲ ಸುಲಿದು, ಎಳೆಗಳನ್ನು ಬಿಡಿಸಿ, ಬೆರಳಿಂದ ತೀಡಿ ನೆಟ್ಟಗೆ ಮಾಡಿ ಈ ಸಾಲಿನಲ್ಲಿ ಜೋಡಿಸಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎಂಟೂ ಸಮ ಬರುವಂತೆ ಅರ್ಧ ಅಂಗುಲ ಬಿಟ್ಟು ಕತ್ತರಿಸಿ, ಆರ್‌ಜೆ-45 ಜಾಕಿನ ಚಿನ್ನದ ಬಣ್ಣದ ಪಟ್ಟಿಗಳು ಮೇಲೆ ಕಾಣುವಂತೆ ಹಿಡಿದು ಒಳಗೆ ನೂಕಿ. ಜಾಕಿನ ಮೂತಿಯನ್ನು ಎದುರಿಗೆ ಹಿಡಿದು ನೋಡಿದರೆ ಎಂಟು ತಾಮ್ರದ ಚುಕ್ಕೆ ಸಾಲಾಗಿ ಹೊಳೆಯಬೇಕು. ಒಂದು ಮಂಕಾಗಿದ್ದರೂ ಹೊರಗೆಳೆದು ಮತ್ತೆ ಮಾಡಿ. ಹೊರಸಿಪ್ಪೆ ಜಾಕಿನ ಹಲ್ಲಿನ ಕೆಳಗೆ ಬಂದಿದೆಯೇ ನೋಡಿಕೊಂಡು ಇಕ್ಕಳ ಒತ್ತಿ.

ಸಾಲಿನಲ್ಲಿ ಹಸಿರು ಜೋಡಿ ಬಿಡಿಬಿಡಿಯಾಗಿ ಮೂರನೆಯ, ಆರನೆಯ ಜಾಗಕ್ಕೆ ಹೋಗಿ ನಡುವೆ ನೀಲಿ ಜೋಡಿ ಕೂತಿದೆ. ಇದು ನನಗೆ ವಿಚಿತ್ರವೆನಿಸಿ, ಮೊದಲ ವೈರಿಗೆ ಬಣ್ಣದ ಜೋಡಿಗಳನ್ನು ಪಕ್ಕಪಕ್ಕದಲ್ಲೇ ಇಟ್ಟು ಎರಡೂ ತುದಿ ಕಟ್ಟಿದೆ. ಎರಡು ತುದಿಯೂ ಒಂದೇ ತೆರನಾಗಿದ್ದದ್ದರಿಂದ ವೈರು ಪರೀಕ್ಷಿಸುವ ಟೆಸ್ಟರಿನ ಎಂಟೂ ದೀಪ ಸಾಲಾಗಿ ಹತ್ತಿದವು. ಆದರೂ ಚಿತ್ರ ಕಡಿಯುತ್ತಿತ್ತು. ಯಂತ್ರ ಮೂರು ಮತ್ತು ಆರನ್ನು ಜೋಡಿ ಎಂದು ಎಣಿಸುತ್ತದೆ. ನಾನು ಕಟ್ಟಿದ್ದರಲ್ಲಿ ಆ ಎರಡು ಎಳೆಗಳು ಬೇರೆ ಬೇರೆ ಹೊಸೆತದವು. ಗದ್ದಲ ಕಳೆಯುವ ಲೆಕ್ಕವೇ ತಪ್ಪಿತು. ಟೆಸ್ಟರು ಎಳೆ ಮುಟ್ಟಿದೆಯೇ ಎಂದಷ್ಟೇ ಹೇಳುತ್ತದೆ, ಜೋಡಿ ಸರಿಯೇ ಎಂದು ಹೇಳುವುದಿಲ್ಲ. ಈ ಒಂದು ಮಾತನ್ನು ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಎರಡು ದಿನ ಉಳಿಯುತ್ತಿತ್ತು.

ಆಯಿಯ ಕೋಣೆಯ ತುದಿಯಲ್ಲಿ ಟಿವಿಗೆ ವೈರು, ಫೋನುಗಳಿಗೆ ಇನ್ನೊಂದು ವೈಫೈ ಪೆಟ್ಟಿಗೆ. ಹಳೆಯ ರೌಟರ್ ಇದ್ದರೆ ಸಾಕು, ಆದರೆ ಅದಕ್ಕೆ ಅಧಿಕಾರ ಕೊಡಬಾರದು. ಮನೆಯ ಪ್ರತಿ ಯಂತ್ರಕ್ಕೂ ನಂಬರು ಕೊಡುವುದು ರೌಟರಿನ ಕೆಲಸ. ಎರಡು ರೌಟರ್ ಇದ್ದು ಎರಡೂ ನಂಬರು ಕೊಡಲು ನಿಂತರೆ, ಒಂದೇ ಊರಿಗೆ ಇಬ್ಬರು ಪಟವಾರಿ ಬಂದು ಬೇರೆ ಬೇರೆ ಸರ್ವೆ ನಂಬರು ಬರೆದಂತೆ. ನಮ್ಮಲ್ಲಿ ಆದದ್ದೂ ಇದೇ. ಆಯಿಯ ಟಿವಿಯಲ್ಲಿ ಇಂಟರ್‌ನೆಟ್ ಬರುತ್ತಿತ್ತು, ಮನೆಯ ಹಾಡಿನ ಭಂಡಾರ ಮಾತ್ರ ಕಾಣುತ್ತಿರಲಿಲ್ಲ. ಎರಡನೆಯ ರೌಟರಿನ ಸೆಟ್ಟಿಂಗಿನಲ್ಲಿ ಆಕ್ಸೆಸ್ ಪಾಯಿಂಟ್ ಎಂಬುದಿದ್ದರೆ ಅದನ್ನು ಆರಿಸಿ. ಇಲ್ಲದಿದ್ದರೆ ಅದರ ಡಿಎಚ್‌ಸಿಪಿಯನ್ನು, ಅಂದರೆ ನಂಬರು ಕೊಡುವ ಕೆಲಸವನ್ನು, ನಿಲ್ಲಿಸಿಬಿಟ್ಟು, ಮೊದಲನೆಯದು 192.168.1.1 ಆಗಿದ್ದರೆ ಇದಕ್ಕೆ 192.168.1.2 ಎಂದು ಕೊಟ್ಟು, ವೈರನ್ನು ವ್ಯಾನ್ ಕಿಂಡಿಗಲ್ಲ, ಲ್ಯಾನ್ ಕಿಂಡಿಗೆ ಚುಚ್ಚಿ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇರಲಿ. 2.4ರ ಚಾನೆಲ್ ಒಂದಕ್ಕೆ 1, ಇನ್ನೊಂದಕ್ಕೆ 6 ಅಥವಾ 11.

ಭಂಡಾರ ಎಂದೆನಲ್ಲ, ಅದು ಹಳೆಯ ಕಂಪ್ಯೂಟರು ಮತ್ತು ದೊಡ್ಡ ಹಾರ್ಡ್‌ಡಿಸ್ಕು. ನಮ್ಮ ಮುತ್ಯಾ ಭಜನಾ ಮೇಳದಲ್ಲಿ ತತ್ವಪದ ಹಾಡುತ್ತಿದ್ದರು; ಅವರ ದನಿಯ ಕ್ಯಾಸೆಟ್ಟುಗಳು ಟ್ರಂಕಿನಲ್ಲಿದ್ದವು. ಟೇಪ್‌ರೆಕಾರ್ಡರಿನ ಲೈನ್ ಔಟ್‌ನಿಂದ ಕಂಪ್ಯೂಟರಿಗೆ ತಂತಿ ಕೊಟ್ಟು ಒಂದೊಂದಾಗಿ ತುಂಬಿಸಿದೆ. 60 ನಿಮಿಷದ ಕ್ಯಾಸೆಟ್ಟಿಗೆ 60 ನಿಮಿಷವೇ ಬೇಕು, ಒಳದಾರಿ ಇಲ್ಲ. ಅದರ ಜೊತೆಗೆ ಮದುವೆಯ ಡಿವಿಡಿಗಳು, ಜಾತ್ರೆಯ ವಿಡಿಯೊಗಳು. ಇವನ್ನು ಕೋಣೆಗಳಿಗೆ ಬಡಿಸಲು ಜೆಲ್ಲಿಫಿನ್ ಎಂಬ ಉಚಿತ ತಂತ್ರಾಂಶ ಹಾಕಿದ್ದೇನೆ. ಪ್ಲೆಕ್ಸ್, ಕೋಡಿ ಕೂಡ ಇವೆ. ಟಿವಿಯಲ್ಲಿ ಆ ಆ್ಯಪ್ ಇಲ್ಲದಿದ್ದರೂ ಹೆಚ್ಚಿನ ಟಿವಿಗಳಿಗೆ ಡಿಎಲ್‌ಎನ್‌ಎ ಎಂಬ ಹಳೆಯ ಒಪ್ಪಂದದ ಭಾಷೆ ಬರುತ್ತದೆ, ಅದರಲ್ಲೂ ಕಾಣುತ್ತದೆ. ಡಿಸ್ಕಿನ ಇನ್ನೊಂದು ನಕಲು ಬೇರೆ ಮನೆಯಲ್ಲಿ ಇಡಿ. ಕ್ಯಾಸೆಟ್ ಹಾಳಾದ ಮೇಲೆ ಡಿಸ್ಕೂ ಹೋದರೆ ಆ ದನಿ ಮತ್ತೆ ಸಿಗುವುದಿಲ್ಲ.

ಚಿತ್ರ ಕಡಿದಾಗಲೆಲ್ಲ ವೈರನ್ನು ಬೈಯಬೇಡಿ. ಹೊಸ ಫೋನುಗಳು ವಿಡಿಯೊವನ್ನು ಎಚ್‌ಇವಿಸಿ ಎಂಬ ಬಿಗಿಯಾದ ಬಗೆಯಲ್ಲಿ ಮಡಚಿಡುತ್ತವೆ. ಹಳೆಯ ಟಿವಿಗೆ ಅದನ್ನು ಬಿಚ್ಚಲು ಬಾರದು. ಆಗ ಭಂಡಾರದ ಕಂಪ್ಯೂಟರು ಓಡುತ್ತೋಡುತ್ತಲೇ ಬಿಚ್ಚಿ, ಟಿವಿಗೆ ತಿಳಿಯುವ ಬಗೆಯಲ್ಲಿ ಮತ್ತೆ ಮಡಚಿ ಕಳಿಸಬೇಕು. ಹಳೆಯ ಯಂತ್ರಕ್ಕೆ ಏದುಸಿರು ಬಂದು ಫ್ಯಾನ್ ಕೂಗುತ್ತದೆ, ಚಿತ್ರ ನಿಲ್ಲುತ್ತದೆ. ಇದಕ್ಕೆ ಮದ್ದು ಜಾಲದಲ್ಲಿಲ್ಲ. ಹ್ಯಾಂಡ್‌ಬ್ರೇಕ್ ತಂತ್ರಾಂಶದಿಂದ ರಾತ್ರಿ ಹೊತ್ತು ಫೈಲನ್ನು ಎಚ್.264ಕ್ಕೆ ಬದಲಿಸಿಡಿ, ಅಥವಾ ಟಿವಿಗೆ ಹೊಸ ಪೆಟ್ಟಿಗೆ ಸಿಕ್ಕಿಸಿ. ಇನ್ನೊಂದು: ಎಷ್ಟೋ ಟಿವಿಗಳ ಲ್ಯಾನ್ ಕಿಂಡಿಯೇ 100 ಎಂಬಿಪಿಎಸ್‌ನದು. ಬಹುಪಾಲು ಚಿತ್ರಕ್ಕೆ ಅಷ್ಟು ಸಾಕು.

ಹಾಡಿಗೆ ಬೇರೊಂದು ತೊಡಕಿದೆ. ಒಂದೇ ಪದವನ್ನು ಮೂರು ಕೋಣೆಯಲ್ಲಿ ಒಟ್ಟಿಗೆ ಹಚ್ಚಿದರೆ ಒಂದೊಂದು ಪೆಟ್ಟಿಗೆ ಒಂದೊಂದು ಹೊತ್ತು ಹಿಂದೆ ಬಿದ್ದು, ನಡುಮನೆಯಲ್ಲಿ ನಿಂತವರಿಗೆ ಬಾವಿಯೊಳಗೆ ಕೂಗಿದಂತೆ ಕೇಳುತ್ತದೆ. ಸ್ನ್ಯಾಪ್‌ಕಾಸ್ಟ್ ಎಂಬ ತಂತ್ರಾಂಶ ಹಾಡಿನ ಪ್ರತಿ ತುಣುಕಿಗೂ ಹೊತ್ತಿನ ಗುರುತು ಹಾಕಿ ಕಳಿಸುತ್ತದೆ. ಪೆಟ್ಟಿಗೆಗಳು ತಮ್ಮ ಗಡಿಯಾರ ಹೊಂದಿಸಿಕೊಂಡು, ಆ ಹೊತ್ತಿಗೆ ಸರಿಯಾಗಿ ದನಿ ಬಿಡುತ್ತವೆ. ಮೂರೂ ಕಡೆ ಮುತ್ಯಾ ಒಂದೇ ಉಸಿರಿಗೆ ಹಾಡಿದ ದಿನ ಆಯಿ ಕೋಣೆಯಿಂದ ಎದ್ದು ಬಂದು ನಡುಮನೆಯಲ್ಲಿ ಕೂತಳು. ಕ್ಯಾಸೆಟ್ಟಿನ ಎರಡೂ ಬದಿ ಮುಗಿಯುವವರೆಗೆ ಏಳಲಿಲ್ಲ.

ಕರೆಂಟು ಹೋದಾಗ ಇನ್ವರ್ಟರ್ ಇದ್ದರೂ ಬದಲಾಗುವ ಕಣ್ರೆಪ್ಪೆಯ ಹೊತ್ತಿನಲ್ಲಿ ಫೈಬರ್ ಪೆಟ್ಟಿಗೆ ಆರಿ ಹತ್ತುತ್ತದೆ, ಮತ್ತೆ ನೆಟ್ ಹಿಡಿಯಲು ಕೆಲ ನಿಮಿಷ. ಅದಕ್ಕೂ ಸ್ವಿಚ್ಚಿಗೂ ವೋಲ್ಟೇಜ್ ಹೊಂದುವ ಮಿನಿ ಯುಪಿಎಸ್ ಕೊಡಿ. ಅಂಗಳದಾಚೆಯ ಮನೆಗೆ, ಕೊಟ್ಟಿಗೆಗೆ ತಾಮ್ರದ ವೈರನ್ನು ಎಳೆದು ತೂಗುಹಾಕಬೇಡಿ. ರೋಹಿಣಿ, ಮೃಗಶಿರೆ ಮಳೆಯ ಸಿಡಿಲು ಹತ್ತಿರದಲ್ಲೆಲ್ಲೋ ಬಿದ್ದರೂ ಆ ತಂತಿಯಲ್ಲಿ ಏಳುವ ವಿದ್ಯುತ್ತು ಎರಡೂ ಮನೆಯ ಯಂತ್ರ ಸುಡಬಲ್ಲದು. ಅಲ್ಲಿಗೆ ಫೈಬರ್ ಹಾಕಿ, ಎರಡು ತುದಿಗೂ ಮೀಡಿಯಾ ಕನ್ವರ್ಟರ್ ಇಡಿ. ಗಾಜಿನ ಎಳೆಯಲ್ಲಿ ಹರಿಯುವುದು ಬೆಳಕು. ವಿದ್ಯುತ್ತು ಅದರಲ್ಲಿ ಹರಿಯದು. ಆಸರೆಗೆ ಉಕ್ಕಿನ ತಂತಿ ಇಲ್ಲದ ಬಗೆಯನ್ನೇ ಕೇಳಿ ತನ್ನಿ.

ಎಲ್ಲ ಕೂಡಿಸಿದ ಮೇಲೆ ಅಳೆಯುವುದು ಹೇಗೆ? ಮೊದಲು ಸ್ವಿಚ್ಚಿನ ದೀಪ ನೋಡಿ. ಹೆಚ್ಚಿನವುಗಳಲ್ಲಿ 1000ಕ್ಕೆ ಒಂದು ಬಣ್ಣ, 100ಕ್ಕೆ ಇನ್ನೊಂದು. 1000 ಬರಬೇಕಾದಲ್ಲಿ 100 ಬಂದರೆ ಎಂಟು ಎಳೆಗಳಲ್ಲಿ ಒಂದು ಮುಟ್ಟಿಲ್ಲ ಎಂದು ಅನುಮಾನಿಸಿ, ಏಕೆಂದರೆ 100ಕ್ಕೆ ಎರಡು ಜೋಡಿ ಸಾಕು, 1000ಕ್ಕೆ ನಾಲ್ಕೂ ಬೇಕು. ಆಮೇಲೆ ಭಂಡಾರದಿಂದ ಲ್ಯಾಪ್‌ಟಾಪಿಗೆ ಒಂದು ದೊಡ್ಡ ಫೈಲ್ ನಕಲು ಮಾಡಿ. ಸೆಕೆಂಡಿಗೆ 110 ಮೆಗಾಬೈಟ್ ಸುಮಾರು ಬಂದರೆ ವೈರು ಪೂರ್ತಿ ಓಡುತ್ತಿದೆ. 11ರ ಸುಮಾರು ಬಂದರೆ ದಾರಿಯಲ್ಲೆಲ್ಲೋ 100ರ ತಡೆಯಿದೆ. ಎಂಟು ಬಿಟ್ ಕೂಡಿದರೆ ಒಂದು ಬೈಟ್ ಎಂಬುದು ನೆನಪಿದ್ದರೆ ಈ ಲೆಕ್ಕ ಬಾಯಲ್ಲೇ ಆಗುತ್ತದೆ. ಇಂಟರ್‌ನೆಟ್ ವೇಗ ಅಳೆಯುವುದು ಎಲ್ಲಕ್ಕಿಂತ ಕೊನೆಗೆ.

ನಮ್ಮ ಜಾಲಕ್ಕೆ ನಿಜವಾದ ಪರೀಕ್ಷೆ ಜಾತ್ರೆಯಲ್ಲಿ ಆಯಿತು. ಹೋಳಿಯ ಸುಮಾರಿಗೆ ನಮ್ಮೂರಿನಲ್ಲಿರುವ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗೋರಿಯಲ್ಲಿ ನಡೆಯುವ ಜಾತ್ರೆ ಅದು. ಲಿಂಗಾಯತರು ಅವನನ್ನು ಅಲ್ಲಮಪ್ರಭು ಎಂದು ನಂಬಿ ನಡೆದುಕೊಳ್ಳುತ್ತಾರೆ, ಮುಸಲ್ಮಾನರಿಗೆ ಉರುಸು; ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ನಡೆದು ಬರುತ್ತಾರೆ. ಆ ದಿನಗಳಲ್ಲಿ ಭಾಲ್ಕಿ, ಔರಾದಿನ ಬೀಗರೆಲ್ಲ ನಮ್ಮಲ್ಲೇ. ಮನೆತುಂಬ ಜನ, ತಲೆಗೊಂದು ಫೋನು, ಮೂರು ಕೋಣೆಯಲ್ಲೂ ಟಿವಿ. ಪಡಸಾಲೆಯಲ್ಲಿ ಹಳೆಯ ಜಾತ್ರೆಯ ವಿಡಿಯೊ, ಮಾಳಿಗೆಯಲ್ಲಿ ಹುಡುಗರ ಸಿನಿಮಾ, ಆಯಿಯ ಕೋಣೆಯಲ್ಲಿ ಪದ. ಯಾವುದೂ ನಿಲ್ಲಲಿಲ್ಲ.

ವೈರಿನ ಎರಡೂ ತುದಿಗೆ ಯಾವ ಕೋಣೆಯದೆಂದು ಚೀಟಿ ಅಂಟಿಸಿದ್ದೇನೆ. ಗೋಡೆಯೊಳಗಿನ ಪೈಪಿನಲ್ಲಿ ವೈರಿನ ಜೊತೆಗೆ ಒಂದು ನೈಲಾನ್ ದಾರವನ್ನೂ ಎಳೆದು, ಎರಡೂ ಕಡೆ ಮೊಳೆಗೆ ಕಟ್ಟಿ ಬಿಟ್ಟಿದ್ದೇನೆ. ಮುಂದೆ ಹೊಸ ವೈರು ಬೇಕಾದಾಗ ಅದರ ತುದಿಗೆ ಕಟ್ಟಿ ಎಳೆದರಾಯಿತು, ಕಲ್ಲನ್ನು ಮತ್ತೆ ಕೊರೆಯಬೇಕಿಲ್ಲ.